ತಟ್ಟೆ ಬಡಿದು ಆರಿಸಿದ ಮರಿ

ನಾಯಿ ಸಾಕುವುದೆಂದು ತೀರ್ಮಾನವಾದ ಮೇಲೆ ನಾನು ಮೂರು ವಾರ ನಾಯಿಗಳಿಗೆ ಬರುವ ಕಾಯಿಲೆಗಳನ್ನೇ ಫೋನಿನಲ್ಲಿ ಓದಿದೆ. ಹುಚ್ಚು, ಜಂತುಹುಳು, ರಕ್ತಭೇದಿ, ಸೊಂಟದ ಕೀಲು ಜಾರುವುದು, ಉಣ್ಣಿ ಕಚ್ಚಿ ಬರುವ ಜ್ವರ. ಒಂದೊಂದನ್ನು ಓದುವಾಗಲೂ ಅದರ ಅರ್ಧ ಲಕ್ಷಣ ನನ್ನಲ್ಲೇ ಕಾಣುತ್ತಿತ್ತು. “ನಾಯಿ ತರ್ತೀರೋ, ಇಲ್ಲಾ ಅದರ ಬದ್ಲು ನೀವೇ ಮಲಗ್ತೀರೋ?” ಅಂದಳು ಹೆಂಡತಿ.

ತರಲೇಬೇಕೆಂದು ಹಟ ಹಿಡಿದವರು ಭಾವ, ನನ್ನ ಅಕ್ಕನ ಗಂಡ. ದೊಡ್ಡಬೆಳವಂಗಲದ ಕಡೆ ಅವರ ಹೊಲ. ಬೆಳೆಗೆ ಬೀಳುವ ಹಂದಿಗೆಂದು ಲೈಸೆನ್ಸಿನ ಬಂದೂಕು ಇಟ್ಟುಕೊಂಡಿದ್ದಾರೆ. ನಾನು ದೊಡ್ಡಬಳ್ಳಾಪುರದಲ್ಲಿ ಎಂಟು ಪವರ್‌ಲೂಮ್ ಮಗ್ಗದ ಶೆಡ್ ನಡೆಸುವವನು. ನಡಿಗೆ ಅಂದರೆ ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕೆ. ಸಕ್ಕರೆ ಕಾಯಿಲೆ ಶುರುವಾಗಿ, ದಿನಾ ನಡೆಯಿರಿ ಅಂತ ಡಾಕ್ಟರು ಹೇಳಿದಾಗ ಭಾವ, “ಸುಮ್ನೆ ನಡುದ್ರೆ ಜನ ಹುಚ್ಚ ಅಂತಾರೆ. ಒಂದ್ ಬೇಟೆ ನಾಯಿ ಕಟ್ಕೊ ಬಾಮೈದ” ಅಂದರು. ಕಾಡುಹಕ್ಕಿ ಹೊಡೆದರೆ ಜೈಲು ಅಂತ ನಾನು ಅಷ್ಟರಲ್ಲಿ ಓದಿಕೊಂಡಿದ್ದೆ. ಅದಕ್ಕೂ ಅವರಲ್ಲಿ ಉತ್ತರವಿತ್ತು. ಫಾರಂನಲ್ಲಿ ಸಾಕಿದ ಕ್ವೇಲ್ ಹಕ್ಕಿ ತರುವುದು, ಹುರುಳಿ ಹೊಲದಲ್ಲಿ ಬಿಡುವುದು, ನಾಯಿ ಹುಡುಕಿ ತೋರಿಸುವುದು, ಹಾರಿದಾಗ ಹೊಡೆಯುವುದು, ಸಾರು ಮಾಡುವುದು. “ಕೋಳಿ ಕುಯ್ಯಲ್ವಾ? ಇದು ಹಾರೋ ಕೋಳಿ ಅಷ್ಟೆಯ.” ಹಂದಿಗೆ ಕೊಟ್ಟ ಲೈಸೆನ್ಸು ಹಕ್ಕಿಗೂ ನಡೆಯುತ್ತದೆಯೇ ಅಂತ ಕೇಳಿದೆ. “ಬಂದೂಕಿಗೆ ಓದಕ್ ಬರಲ್ಲ” ಅಂದರು.

ನಮಗೆ ಬೇಕಾದದ್ದು ಪಾಯಿಂಟರ್ ಮರಿ. ಹಕ್ಕಿಯ ವಾಸನೆ ಸಿಕ್ಕಿದರೆ ಈ ಜಾತಿ ಅಟ್ಟಿಸಿಕೊಂಡು ಹೋಗುವುದಿಲ್ಲ. ಒಂದು ಮುಂಗಾಲು ಮಡಚಿ, ಬಾಲ ನೆಟ್ಟಗೆ ಮಾಡಿ, ಮೂಗನ್ನು ಹಕ್ಕಿಯ ಕಡೆಗಿಟ್ಟು ಕಲ್ಲಿನಂತೆ ನಿಂತುಬಿಡುತ್ತದೆ. ಹೊಸಕೋಟೆ ದಾಟಿದ ಮೇಲೆ ಒಂದು ತೋಟದಲ್ಲಿ ಮರಿಗಳಿವೆ ಅಂತ ಹೋದೆವು. ಅಲ್ಲಿ ಮೊದಲ ಏಟು ಬಿದ್ದಿದ್ದು ತಾಯಿ ನಾಯಿಗೆ. ಮರಿ ಎತ್ತಲು ಬಗ್ಗಿದ ತೋಟದವನ ಮುಂಗೈಗೆ ಅದು ಬಾಯಿ ಹಾಕಿತು. ಅವನು ಪಕ್ಕದಲ್ಲಿದ್ದ ನೀರಿನ ಪೈಪು ತೆಗೆದು ಅದರ ಮುಸುಡಿಗೆ ಎರಡು ಬಿಟ್ಟ. ನಮ್ಮ ಕಡೆ ತಿರುಗಿ, ರಕ್ತದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ, “ತುಂಬಾ ಸಾಧು ಸಾರ್ ಇದು” ಅಂದ.

ಆರು ಮರಿ. ನಾನು ಓದಿಕೊಂಡು ಹೋದದ್ದನ್ನೆಲ್ಲಾ ಕೇಳಿದೆ: ಹುಳದ ಔಷಧಿ ಆಗಿದೆಯಾ, ಸೂಜಿ ಆಗಿದೆಯಾ, ತಾಯಿಯ ಸೊಂಟ ಹೇಗಿದೆ, ತಂದೆಯ ಸೊಂಟ ಹೇಗಿದೆ. ತೋಟದವನು ನನ್ನ ಸೊಂಟದ ಕಡೆ ಒಮ್ಮೆ ನೋಡಿದ. ಭಾವನಿಗೆ ಇದರಲ್ಲೆಲ್ಲಾ ನಂಬಿಕೆಯಿಲ್ಲ. ಬಂದೂಕಿನ ಸದ್ದಿಗೆ ಹೆದರುವ ನಾಯಿ ಬೇಟೆಗೆ ಬರುವುದಿಲ್ಲ, ಅದೊಂದನ್ನು ನೋಡಿದರೆ ಸಾಕು ಅನ್ನುವುದು ಅವರ ಲೆಕ್ಕ. ಮರಿಗಳು ತಟ್ಟೆಗೆ ಬಾಯಿಟ್ಟಿದ್ದಾಗ ಹಿಂದಿನಿಂದ ಹೋಗಿ ಸ್ಟೀಲ್ ತಟ್ಟೆಯೊಂದನ್ನು ಕಬ್ಬಿಣದ ಸರಳಿನಿಂದ ಢಣ್ ಅಂತ ಬಡಿದರು. ಐದು ಮರಿಗಳು ಚದುರಿ ಓಡಿದವು; ಒಂದು ನನ್ನ ಚಪ್ಪಲಿ ಮೇಲೆ ಉಚ್ಚೆ ಹೊಯ್ಯಿತು. ಆರನೆಯದು, ಮೈಯೆಲ್ಲಾ ಬೆಳ್ಳಗೆ, ಒಂದು ಕಿವಿ ಮಾತ್ರ ಕಂದು, ಅದು ತಲೆಯೆತ್ತಲಿಲ್ಲ. ಉಳಿದವುಗಳ ಪಾಲನ್ನೂ ತಿನ್ನತೊಡಗಿತು. ಭಾವ ಇನ್ನೊಂದು ಸಲ, ಅದರ ತಲೆಯಿಂದ ಒಂದು ಗೇಣು ದೂರದಲ್ಲಿ ಬಡಿದರು. ನಾನು ಕಿವಿ ಮುಚ್ಚಿಕೊಂಡೆ. ಮರಿ ತಟ್ಟೆ ನೆಕ್ಕುತ್ತಿತ್ತು.

“ಗುಂಡಿಗೆ ಅಂದ್ರೆ ಇದು ಕಣಯ್ಯ!” ಅಂದರು ಭಾವ. “ನಿಂಗಿದ್ದಿದ್ರೆ ಇಷ್ಟೊತ್ತಿಗೆ ಎಲ್ಲೋ ಇರ್ತಿದ್ದೆ.”

ಆ ದಿನ ಮೂವತ್ತು ಪ್ರಶ್ನೆ ಕೇಳಿದ್ದೇನೆ. ಕೇಳಬೇಕಾಗಿದ್ದ ಒಂದನ್ನು ಬಿಟ್ಟು.

ಮರಿ ಬೆಳೆದದ್ದು ಶೆಡ್ಡಿನಲ್ಲಿ. ಎಂಟು ಮಗ್ಗ ಒಟ್ಟಿಗೆ ಓಡುವ ಜಾಗದಲ್ಲಿ ಮಾತು ಅನ್ನುವುದೇ ಇಲ್ಲ. ನಾವೆಲ್ಲಾ ಕೈಯಲ್ಲೇ ಮಾತಾಡುವುದು. ಅಂಗೈಯನ್ನು ತಲೆ ಮೇಲೆ ಎತ್ತಿದರೆ ಮಗ್ಗ ನಿಲ್ಲಿಸು. ಎರಡು ಬೆರಳು ಹೊಸೆದರೆ ಎಳೆ ಹರಿದಿದೆ. ಹೆಬ್ಬೆರಳನ್ನು ಬಾಯಿಗೆ ತೋರಿಸಿದರೆ ಟೀ ಬಂದಿದೆ, ಬಾ. ಕರೆಂಟು ಹೋಗಿ ಶೆಡ್ಡೇ ತಣ್ಣಗಾದಾಗಲೂ ಹೀಗೇ. ನಲವತ್ತು ವರ್ಷದ ರೂಢಿ, ಊಟಕ್ಕೆ ಕೂತಾಗಲೂ ಸಾರು ಬೇಕೆಂದು ಕೈ ಆಡಿಸುತ್ತೇನೆ, ಹೆಂಡತಿ ಸೌಟು ತೋರಿಸುತ್ತಾಳೆ. ಹೆಸರಿಟ್ಟು ಕೂಗಿದರೆ ಯಾರಿಗೂ ಕೇಳದ ಜಾಗದಲ್ಲಿ ನಾಯಿಗೆ ಹೆಸರಿಡುವ ಯೋಚನೆ ಯಾರಿಗೂ ಬರಲಿಲ್ಲ. ಹದಿನೈದು ದಿನದಲ್ಲಿ ಅದು ಟೀ ಸನ್ನೆ ಕಲಿಯಿತು, ಯಾಕೆಂದರೆ ಟೀ ಜೊತೆ ಬನ್ನು ಬರುತ್ತಿತ್ತು. ಅಂಗೈ ಎತ್ತಿದರೆ ನಿಂತಲ್ಲೇ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಮೂರನೇ ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಚಿಮ್ಮಿ, ಮಲಗಿದ್ದ ಅದರ ತಲೆಯ ಮೇಲಿನ ಗೋಡೆಗೆ ಬಡಿದು ಗಾರೆ ಉದುರಿತು. ಹಿಂದೊಮ್ಮೆ ಅಂಥದೇ ಲಾಳಿ ನನ್ನ ಹುಬ್ಬು ಸೀಳಿ ಮೂಳೆ ಕಾಣಿಸಿತ್ತು; ಆ ಹಳೆಯ ಗಾಯದ ಕಲೆ ತಾನಾಗಿ ನವೆಯೆದ್ದಿತು. ನಾಯಿ ಮಗ್ಗುಲು ಬದಲಿಸಿತು, ಅಷ್ಟೇ. ಶೆಡ್ಡಿನವರೆಲ್ಲಾ ಹೆಬ್ಬೆರಳೆತ್ತಿ ಭಲೇ ಅಂದರು.

ಏಳನೇ ತಿಂಗಳಿಗೆ ಭಾನುವಾರ ಭಾನುವಾರ ಭಾವನ ಹೊಲಕ್ಕೆ ಕರೆದುಕೊಂಡು ಹೋಗತೊಡಗಿದೆ. ಕ್ವೇಲ್ ಹಕ್ಕಿಯನ್ನು ಕಾಲು ಕಟ್ಟಿ ಹುರುಳಿ ಬಳ್ಳಿಯೊಳಗೆ ಅಡಗಿಸಿ, ನಾಯಿಗೆ ಉದ್ದ ಹಗ್ಗ ಹಾಕಿ ಬಿಡುವುದು. ಮೊದಲ ದಿನವೇ ಅದು ನಿಂತುಬಿಟ್ಟಿತು. ಗಾಳಿಗೆ ಎದುರಾಗಿ ಓಡುತ್ತಿದ್ದದ್ದು ಯಾರೋ ಮೊಳೆ ಹೊಡೆದಂತೆ ನಿಂತು, ಮೂಗಿನ ಹೊಳ್ಳೆ ಮಾತ್ರ ಅದುರುತ್ತಿತ್ತು. ಯಾರೂ ಕಲಿಸಿದ್ದಲ್ಲ. ಹಗ್ಗ ಹಿಡಿದ ನಾನೂ ಎತ್ತಿದ ಕಾಲು ಇಳಿಸದೆ ನಿಂತೆ. ಕಾಲಿಗೇನಾದರೂ ಆಯಿತೇ ಅಂತ ಆಮೇಲೆ ಯೋಚನೆಯೂ ಆಯಿತು.

ಕಷ್ಟ ಶುರುವಾದದ್ದು ಹಕ್ಕಿ ಹಾರಿದ ಮೇಲೆ. ಸೀಟಿ ಹೊಡೆದರೆ ನಾಯಿ ನಿಲ್ಲಬೇಕು. ಇದು ನಿಲ್ಲಲಿಲ್ಲ. ನೆಗೆದು ಹಕ್ಕಿಯನ್ನು ಗಾಳಿಯಲ್ಲೇ ಹಿಡಿಯಿತು. ಕಟಕ್ ಅಂದ ಸದ್ದು ಹತ್ತು ಮಾರು ದೂರದಲ್ಲಿದ್ದ ನನಗೆ ಕೇಳಿಸಿತು. ತಲೆ ಒಂದು ಕಡೆ, ರೆಕ್ಕೆ ಒಂದು ಕಡೆ. ಭಾವ ಹಗ್ಗವನ್ನು ಜಗ್ಗಿ ಅದನ್ನು ಮಗುಚಿ ಹಾಕಿ, ಹುಣಸೆ ಬರಲಿನಿಂದ ಬೆನ್ನಿಗೆ ಆರು ಹೊಡೆದರು.

“ಭಾವ, ಕೈ ಎತ್ತಿದ್ರೆ ನಿಲ್ಲುತ್ತೆ, ನಾನು ತೋರಿಸ್ಲಾ?”

“ಹಕ್ಕಿ ನೋಡೋ ನಾಯಿ ನಿನ್ ಕೈ ಯಾವಾಗ್ಲಾ ನೋಡ್ತದೆ? ಬೆನ್ನಿಂದ ಕೂಗುದ್ರೂ ನಿಲ್ಬೇಕು. ಮೆತ್ತಗ್ ಮಾಡುದ್ರೆ ಕೆಟ್ಟೋಯ್ತದೆ.”

ಆರು ಭಾನುವಾರ. ಸೀಟಿ, ಕೂಗು, ಏಟು. ಅದು ಕಿರುಚುತ್ತಿದ್ದ ರೀತಿಯೇ ಬೇರೆ, ಏರಿಳಿತವಿಲ್ಲದ ಒಂದೇ ಸ್ವರ. ಅಕ್ಕ ಬಾಗಿಲಿಗೆ ಬಂದು “ಅದೂ ಒಂದ್ ಜೀವ ಅಲ್ವೇನ್ರೋ, ಪಾಪಿಗಳಾ” ಅಂದು ಒಳಗೆ ಹೋಗುತ್ತಿದ್ದಳು. ಭಾವನೇ ಹೊಡೆದರು ಅಂತ ಬರೆದು ನಿಲ್ಲಿಸಿದರೆ ನನಗೆ ಅನುಕೂಲ. ಐದನೆಯ ಭಾನುವಾರ ಪಕ್ಕದ ಹೊಲದ ಇಬ್ಬರು ನೋಡಲು ಬಂದಿದ್ದರು. ಅವರೆದುರಿಗೆ ಭಾವ, “ನಮ್ ಬಾಮೈದುನ್ ನಾಯಿ, ಮನೇಲಿ ಅವ್ನ್ ಮಾತು ಯಾರ್ ಕೇಳ್ತಾರೆ, ಇದ್ ಕೇಳಕ್ಕೆ?” ಅಂದರು. ಅವರು ನಕ್ಕರು. ನಾಯಿ ಬಾಯಲ್ಲಿ ಹಕ್ಕಿ ಕಚ್ಚಿಕೊಂಡು, ಬಾಲ ಆಡಿಸುತ್ತಾ ನನ್ನ ಹತ್ತಿರವೇ ಬಂತು. ನಾನು ಭಾವನ ಕೈಯ ಹುಣಸೆ ಬರಲು ಕಿತ್ತುಕೊಂಡು ಕೈ ಎತ್ತಿದೆ. ಕೈ ಎತ್ತಿದ್ದಕ್ಕೆ ಅದು ಕಲಿತ ಹಾಗೆ ನಿಂತಲ್ಲೇ ನಿಂತಿತು. ಅಲ್ಲಾಡದೆ ನಿಂತದ್ದಕ್ಕೇ ಹೊಡೆದೆ, ಬರಲು ಮುರಿಯುವವರೆಗೆ. ಕಂದು ಕಿವಿಯ ತುದಿ ಹರಿದು ನೇತಾಡಿತು. ಭಾವನೇ ನನ್ನ ರಟ್ಟೆ ಹಿಡಿದು, “ಲೇ, ಸಾಯ್ಸ್‌ಬಿಡ್ತೀಯ” ಅಂದರು. ಮನೆಗೆ ಬಂದು ರಕ್ತದೊತ್ತಡ ನೋಡಿಸಿಕೊಂಡೆ. ನನ್ನದು.

ಏಳನೆಯ ಭಾನುವಾರ ಅದು ಅಕ್ಕನ ಕೋಳಿಗಳ ಮೇಲೆ ಬಿತ್ತು. ನಾಲ್ಕು ಕೋಳಿ ಅಂಗಳದ ತುಂಬಾ ಹರಡಿದ್ದವು. ಅಕ್ಕ ಅರಚಿದಳು, ಭಾವ ಕೂಗಿದರು, ನಾನು ಕೂಗಿದೆ. ನಾಯಿ ಬೆನ್ನು ಹಾಕಿಕೊಂಡು ಐದನೆಯದನ್ನು ಬೇಲಿಗೆ ಒತ್ತುತ್ತಿತ್ತು. ಭಾವ ಅಂದು ಹೊಡೆಯಲಿಲ್ಲ. ಕೈ ಕಾಲು ತೊಳೆದುಕೊಂಡು ಬಂದು ಕೂತು ಹೇಳಿದರು: “ಇವತ್ತು ಕೋಳಿ. ನಾಳೆ ಕುರಿ. ಕುರಿ ಹಿಡುದ್ ನಾಯಿನ ನಮ್ಮೂರಲ್ಲಿ ಬಿಡಲ್ಲ, ಗೊತ್ತಲ್ಲ. ಬರೋ ಭಾನುವಾರ ಒಂದ್ ಸೀಟಿ ಹೊಡಿತೀನಿ. ನಿಂತ್ರೆ ಸರಿ. ಇಲ್ದಿದ್ರೆ ಅಲ್ಲೇ ಮುಗುಸ್ತೀನಿ.” ಹಿಂದೆ ಒಂದು ನಾಯಿಯನ್ನು ಹಾಗೆ ಮುಗಿಸಿದ್ದರು. ಹೂತ ಜಾಗ ನನಗೆ ಗೊತ್ತು. ಅಲ್ಲಿ ಈಗ ನುಗ್ಗೆಮರವಿದೆ, ಅದರ ಕಾಯಿ ನಾನು ತಿಂದಿದ್ದೇನೆ.

ಆ ವಾರವೆಲ್ಲಾ ಹಿತ್ತಲಲ್ಲಿ ನಾಯಿಯ ಮುಂದೆ ನಿಂತು ಸೀಟಿ ಹೊಡೆದೆ, ಜೊತೆಗೆ ಅಂಗೈ ಎತ್ತಿದೆ. ನಿಂತಿತು. ಪ್ರತಿ ಸಲವೂ ನಿಂತಿತು, ಮೈ ಕುಗ್ಗಿಸಿಕೊಂಡು. ಕಲಿತುಬಿಟ್ಟಿದೆ ಅಂತ ಹೆಂಡತಿಗೆ ಸನ್ನೆ ಮಾಡಿದೆ. ಭಾನುವಾರ ಬರದೇ ಇರಬಹುದಾಗಿತ್ತು, ಹೊಟ್ಟೆನೋವು ಅನ್ನಬಹುದಾಗಿತ್ತು; ಹೊಟ್ಟೆನೋವೂ ಇತ್ತು. ಆದರೂ ಹೋದೆ, ಭಾವನಿಗೆ ಇಲ್ಲ ಅನ್ನುವುದನ್ನು ನಾನು ಕಲಿತಿರಲಿಲ್ಲವಾದ್ದರಿಂದ.

ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಹಕ್ಕಿ ಬಿಡುವ ಮೊದಲೇ ನಾಯಿ ಹೊಲದ ತುದಿಗೆ ಹೋಗಿ, ಬದುವಿನ ಲಂಟಾನ ಪೊದೆಯ ಎದುರು ನಿಂತುಬಿಟ್ಟಿತು. ಕಾಲು ಮಡಚಿದೆ, ಬಾಲ ನೆಟ್ಟಗಿದೆ. ನಾವು ಮೂವತ್ತು ಹೆಜ್ಜೆ ಹಿಂದೆ. ಅದು ಮೊದಲೇ ನಿಂತಿದ್ದರಿಂದ ಭಾವ ವಾಪಸು ಬರುವ ಸೀಟಿ ಹೊಡೆದರು. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಹೊಡೆದರು. ಕೂಗಿದರು.

“ನೋಡ್ದಾ?” ಅಂದರು. ಬಂದೂಕು ಎತ್ತಿ ಹೆಗಲಿಗೆ ಕೊಟ್ಟರು.

“ಭಾವ, ಇನ್ನೊಂದ್ ಸಲ.”

“ಪಕ್ಕಕ್ ಬಾರೋ.”

ನಾನು ಪಕ್ಕಕ್ಕೆ ಹೋಗಲಿಲ್ಲ. ಹೋಗಲಿಲ್ಲ ಅಂದರೆ ಧೈರ್ಯ ಅಲ್ಲ, ಯಾವ ಪಕ್ಕಕ್ಕೆ ಅಂತ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪೊದೆಯೇ ಎದ್ದು ನಿಂತಂತಾಯಿತು. ಪಕ್ಕದ ಹೊಲದವರು ಬೈಕಿನ ಕ್ಲಚ್ ವೈರಿನಲ್ಲಿ ಹಂದಿಗೆ ಉರುಳು ಹಾಕಿದ್ದರು. ಅದಕ್ಕೆ ಕುತ್ತಿಗೆ ಕೊಟ್ಟ ಗಂಡು ಹಂದಿ ಉಸಿರು ಬಿಗಿಹಿಡಿದು ಒಳಗೆ ಕೂತಿತ್ತು. ವೈರು ಹರಿಯಿತು. “ಓಡೋ, ಓಡೋ!” ಅಂತ ಭಾವ ನಾಯಿಗೆ ಅರಚಿದರು. ನಾಯಿ, ಹುಟ್ಟಿನಿಂದ ಬಂದ ಹಾಗೆ, ನಿಂತೇ ಇತ್ತು. ಹಂದಿ ತಲೆ ತಗ್ಗಿಸಿ ಅದರ ಪಕ್ಕೆಗೆ ಕೋರೆ ಕೊಟ್ಟು ಮೇಲಕ್ಕೆ ಎಸೆಯಿತು. ಬಿಳಿ ಮೈ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಬದುವಿಗೆ ಬಿತ್ತು. ಹಂದಿ ಮತ್ತೆ ತಿರುಗಿತು. ಭಾವನ ಮೊದಲ ಗುಂಡು ಅದರ ದವಡೆ ಒಡೆಯಿತು. ಎರಡನೆಯದಕ್ಕೆ ಮುಂಗಾಲು ಮುರಿದು ಬಿತ್ತು. ಬಿದ್ದಲ್ಲೇ ಮಣ್ಣು ಅಗೆಯುತ್ತಾ, ರಕ್ತದ ನೊರೆ ಉಗುಳುತ್ತಾ, ತುಂಬಾ ಹೊತ್ತು ತೆಗೆದುಕೊಂಡು ಸತ್ತಿತು. ನನ್ನ ಅಂಗಿಗೂ ಸಿಡಿದಿತ್ತು.

ನಾಯಿ ಎದ್ದು ನಿಂತಿತ್ತು. ಪಕ್ಕೆ ಹರಿದು ಒಳಗಿನ ಬಿಳಿ ಪೊರೆ ಕಾಣುತ್ತಿತ್ತು. ಎರಡು ಗುಂಡು ಹಾರಿದ ದಿಕ್ಕಿಗೆ ಅದು ತಿರುಗಿಯೂ ನೋಡಲಿಲ್ಲ. ಸುತ್ತ ಕಣ್ಣಾಡಿಸಿ ನನ್ನನ್ನು ಹುಡುಕಿತು; ನನ್ನ ಕೈಗಳನ್ನು ನೋಡಿತು. ಕೈ ಎತ್ತಲು ನನಗೆ ಹೆದರಿಕೆ. ಏನು ಮಾಡಬೇಕೋ ತೋಚದೆ ಹೆಬ್ಬೆರಳು ಬಾಯಿಗೆ ಹೋಯಿತು. ಟೀ ಬಂದಿದೆ, ಬಾ. ರಕ್ತ ಸುರಿಸಿಕೊಂಡು, ಹಿಂಗಾಲು ಎಳೆದುಕೊಂಡು, ಬನ್ನಿಗೆ ಬಂದ ಹಾಗೆ ಬಂತು.

ಭಾವ ನಿಂತು ನೋಡುತ್ತಿದ್ದರು. ಮೆಲ್ಲಗೆ ಅದರ ಹಿಂದೆ ಬಂದು, ಹರಿದ ಕಿವಿಯ ಪಕ್ಕದಲ್ಲೇ ಸೀಟಿ ಹೊಡೆದರು. ಕಿವಿ ಅಲುಗಲಿಲ್ಲ. ಮತ್ತೆ ಹೊಡೆದರು. ಆಮೇಲೆ ಸೀಟಿ ಕೆಳಗೆ ಬಿಟ್ಟು ಬದುವಿನ ಮೇಲೆ ಕೂತರು.

“ಇದಕ್ಕೆ ಕಿವಿನೇ ಕೇಳ್ಸಲ್ಲ ಕಣೋ.”

ನಾನು ನಾಯಿಯ ಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದೆ.

“ಆರು ವಾರ ಕಣೋ” ಅಂದರು.

ಅದಕ್ಕೆ ಹಾಸಲೆಂದು ಶೆಡ್ಡಿನಿಂದ ತಂದಿದ್ದ, ನೇಯ್ಗೆ ಕೆಟ್ಟ ಸೀರೆಯಲ್ಲಿ ನಾಯಿಯನ್ನು ಸುತ್ತಿ ಅವರ ಟೆಂಪೋದಲ್ಲಿ ಊರಿಗೆ ತಂದೆವು. ಪಶುವೈದ್ಯರು ಹೊಲಿಗೆ ಹಾಕಿ, ಅದರ ಹಿಂದೆ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಹುಟ್ಟು ಕಿವುಡು, ಬಿಳಿ ಹೆಚ್ಚಿರುವ ಮರಿಗಳಲ್ಲಿ ಹೀಗಾಗುವುದುಂಟು ಅಂದರು. “ಇಷ್ಟು ತಿಂಗ್ಳು ಜೊತೇಲಿಟ್ಕೊಂಡು ಗೊತ್ತಾಗ್ಲಿಲ್ವೇನ್ರೀ?”

“ನಮ್ ಶೆಡ್ಡಲ್ಲಿ ಯಾರಿಗೂ ಏನೂ ಕೇಳ್ಸಲ್ಲ ಸಾರ್” ಅಂದೆ. ಅವರು ಜೋಕು ಅಂದುಕೊಂಡರು.

ಹಂದಿಯ ಬಗ್ಗೆ ಅರಣ್ಯ ಇಲಾಖೆಗೆ ಭಾವ ಏನು ಬರೆದುಕೊಟ್ಟರೋ ಗೊತ್ತಿಲ್ಲ. ಒಂದು ತಿಂಗಳು ಬಾಗಿಲು ತಟ್ಟಿದವರೆಲ್ಲಾ ನನಗೆ ಖಾಕಿಯಾಗಿ ಕಂಡರು. ಬಂದೂಕಿನ ವಿಷಯ ಭಾವ ಮತ್ತೆ ನನ್ನೆದುರು ಎತ್ತಿಲ್ಲ. ಒಮ್ಮೆ ಶೆಡ್ಡಿಗೆ ಬಂದು, ಮಗ್ಗಗಳ ಗದ್ದಲದಲ್ಲಿ ಬಾಗಿಲಲ್ಲೇ ನಿಂತು, ಅದನ್ನು ಕರೆಯುವುದು ಹೇಗೆ ಅಂತ ಹುಬ್ಬಿನಲ್ಲಿ ಕೇಳಿದರು. ಟೀ ಸನ್ನೆ ತೋರಿಸಿಕೊಟ್ಟೆ. ಅವರು ಹೆಬ್ಬೆರಳನ್ನು ಬಾಯಿಗಿಟ್ಟು ಕಾದರು. ನಾಯಿ ನೋಡಿತು, ಏಳಲಿಲ್ಲ. ತಂದಿದ್ದ ಬನ್ನನ್ನು ಹೊಸ್ತಿಲ ಮೇಲಿಟ್ಟು ಹೋದರು.

ನಾನು ಕರೆದರೆ ಬರುತ್ತದೆ. ಆದರೆ ಶೆಡ್ಡಿನಲ್ಲಿ ಯಾರೇ ಅಂಗೈ ಎತ್ತಿದರೂ ಈಗ ಹೊಟ್ಟೆಯನ್ನು ನೆಲಕ್ಕೊತ್ತಿ ಕಣ್ಣು ಮುಚ್ಚಿಕೊಳ್ಳುತ್ತದೆ. ಮೊದಲ ವಾರ ಮಗ್ಗ ನಿಲ್ಲಿಸಲು ಕೈ ಎತ್ತಿದಾಗಲೆಲ್ಲಾ ಹಾಗಾಯಿತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಒಂದು ದಿನ ಮೂರನೇ ಮಗ್ಗದವನು ಕೈ ಎತ್ತುವ ಬದಲು ಎದೆಗೆ ಮುಷ್ಟಿ ತಟ್ಟಿಕೊಂಡ. ಮಾರನೆಯ ದಿನ ಉಳಿದವರೂ ಹಾಗೇ ಮಾಡಿದರು. ಅಂಗೈ ಎತ್ತುವುದು ನನ್ನ ಅಪ್ಪನ ಕಾಲದಿಂದ ಇದ್ದ ಸನ್ನೆ. ಹೊಸದು ನನಗೆ ಮಾತ್ರ ಇನ್ನೂ ರೂಢಿಯಾಗಿಲ್ಲ. ಎಳೆ ಹರಿದದ್ದು ಕಂಡರೆ ಮಗ್ಗ ನಿಲ್ಲಿಸಲು ಬಲಗೈ ತಾನಾಗಿ ಮೇಲೇಳುತ್ತದೆ, ಭುಜ ದಾಟುವಷ್ಟರಲ್ಲಿ ಎಡಗೈಯಿಂದ ಹಿಡಿದು ಕೆಳಗಿಳಿಸುತ್ತೇನೆ. ಅಷ್ಟರಲ್ಲಿ ನಾಯಿ ನೋಡಿಬಿಟ್ಟಿರುತ್ತದೆ.