ಕಿಸೆಯಲ್ಲಿದ್ದ ರಿಲೇ

ಜಪ್ತಿ ಮಾಡಿದ ಗಾಡಿಗಳ ಸರ್ಕಾರಿ ಹರಾಜಿಗೆ ಬಂದವರೆಲ್ಲ ಗಾಡಿ ನೋಡುತ್ತಾರೆ. ನಾನು ಜನರನ್ನು ನೋಡುತ್ತೇನೆ. ಮರಾಠಿ ಸೀಮೆಯ ಧನಕವಡಿಯಲ್ಲಿ ನನ್ನದು ಗಾಡಿಗಳ ಹಳೆಯ ಬಿಡಿಭಾಗಗಳ ಅಂಗಡಿ. ಗಂಡ ತೀರಿಕೊಂಡ ಮೇಲೆ ಗಲ್ಲಾದ ಮೇಲೆ ನಾನೇ ಕೂತೆ. ಹರಾಜಿನಲ್ಲಿ ಗಾಡಿ ಹಿಡಿಯುವುದು, ಬಿಚ್ಚುವುದು, ಮಾರುವುದು ನನ್ನ ಕಸುಬು.

ತನ್ನದೇ ಗಾಡಿಯನ್ನು ಮರಳಿ ಕೊಳ್ಳಲು ಬಂದವನನ್ನು ಗುರುತಿಸುವುದು ಸುಲಭ. ಅವನು ಟೈರು ಒದೆಯುವುದಿಲ್ಲ, ಗಾಜು ಒರೆಸುತ್ತಾನೆ. ಅಂಥವನು ಕಣ್ಣಿಗೆ ಬಿದ್ದರೆ ವ್ಯಾಪಾರಿಗಳು ಬೇಕೆಂದೇ ಬೆಲೆ ಏರಿಸುತ್ತಾರೆ. ಅವನಿಗೆ ಬಿಡಲು ಮನಸ್ಸು ಬರುವುದಿಲ್ಲವಲ್ಲ, ಅದೇ ನಮ್ಮವರ ಲಾಭ.

ಆ ಸಲ ಹರಾಜಿನ ಹಿಂದಿನ ದಿನ, ಗಾಡಿ ನೋಡಲು ಬಿಟ್ಟಾಗ, ಶಿರೂರಿನ ಕಡೆಯ ಹಾಲಿನ ಟೆಂಪೋದ ಬಳಿ ಒಬ್ಬ ನಿಂತಿದ್ದ. ನಾನು ಪಕ್ಕದಲ್ಲೇ ಕಾವಲುಗಾರನ ಜೊತೆ ಮರಾಠಿಯಲ್ಲಿ ಜಗಳಾಡುತ್ತಿದ್ದೆ. ಇವಳು ಇಲ್ಲಿಯವಳೇ ಎಂದುಕೊಂಡನೋ ಏನೋ, ಹೆಂಡತಿಗೆ ಫೋನು ಹಚ್ಚಿ ನಿರಾಳವಾಗಿ ಕನ್ನಡದಲ್ಲಿ ಶುರುವಿಟ್ಟ.

"ಸ್ಟಾರ್ಟರ್ ರಿಲೇ ಕಿತ್ತು ಕಿಸೆದಾಗ ಇಟ್ಕೊಂಡೀನಿ. ಇನ್ನ ಗಾಡಿ ಚಾಲೂ ಆಗಂಗಿಲ್ಲ, ಯಾರೂ ಕೇಳಂಗಿಲ್ಲ. ನಾಳೆ ನಮ್ಮ ಗಾಡಿ ನಮಗ. ಡೇರಿಯವ್ರಿಗೆ ಹೇಳು, ನಮ್ಮ ಹಾಲು ಒಯ್ಯೋ ಲೈನ್ ಬ್ಯಾರೆಯವ್ರಿಗೆ ಕೊಡಬ್ಯಾಡ್ರಿ ಅಂತ. ಅದೂ ಹೋದ್ರ ಮುಗೀತು."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದರೆ ಇದೇ. ನನಗೆ ಒಳಗೊಳಗೇ ನಗು. ಎಂಜಿನು ಗಟ್ಟಿಯಾಗಿದೆ ಎಂದು ಅವನೇ ಹೇಳಿದಂತಾಯಿತು. ಉಳಿದವರು ಕೆಟ್ಟ ಗಾಡಿ ಎಂದು ಬಿಟ್ಟರೆ ನಾನು ಹಿಡಿಯಬಹುದಿತ್ತು. ಅಂಥ ರಿಲೇ ನನ್ನ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಬಿದ್ದಿವೆ.

ಹರಾಜು ನಡೆಸುತ್ತಿದ್ದ ಹಳೆಯ ಸಾಹೇಬ ನೆರಳಲ್ಲಿ ಕೂತೇ ಗಾಡಿಗಳ ಸ್ಥಿತಿ ಬರೆದುಕೊಳ್ಳುತ್ತಿದ್ದ. ಈ ಸಲ ಹೊಸಬ ಬಂದಿದ್ದ. ಜೊತೆಗೆ ಮೆಕ್ಯಾನಿಕ್ ಒಬ್ಬ, ಕೈಗಾಡಿಯ ಮೇಲೆ ಬ್ಯಾಟರಿ. ಪ್ರತಿ ಗಾಡಿಗೂ ತಂತಿ ಹಚ್ಚಿ ಕೀಲಿ ತಿರುಗಿಸಿದರು. ಚಾಲೂ ಆದದ್ದು ಮರುದಿನದ ಹರಾಜಿಗೆ. ಆಗದ್ದರ ಗಾಜಿನ ಮೇಲೆ ಕೆಂಪು ಬಣ್ಣದ ಗೀಟು. ಅದು ಗುಜರಿ, ಪರವಾನಗಿ ಇದ್ದವರಿಗೆ ಸಗಟಾಗಿ ಕೊಟ್ಟು ಅಲ್ಲೇ ಕತ್ತರಿಸುವುದು. ನನಗೆ ಆ ಪರವಾನಗಿ ಇಲ್ಲ.

ಟೆಂಪೋದ ಸರದಿ ಬಂತು. ಕೀಲಿ ತಿರುಗಿತು, ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದರು, ಸದ್ದಿಲ್ಲ. ಟೆಂಪೋದವನ ಕೈ ಕಿಸೆಯ ಮೇಲಿತ್ತು. ತೆಗೆದುಕೊಟ್ಟರೆ ಸರ್ಕಾರದ ವಶದಲ್ಲಿದ್ದ ಗಾಡಿಯಿಂದ ಕದ್ದ ಕಳ್ಳ. ಕೊಡದಿದ್ದರೆ ಗಾಡಿ ಗುಜರಿಗೆ.

"ಸಾಹೇಬ್ರ, ಚಲೋ ಗಾಡಿ ಅದ ರೀ, ಇನ್ನೊಂದ ಸಲ ನೋಡ್ರಿ," ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಅಂಗಲಾಚಿದ. ಸಾಹೇಬನಿಗೆ ಒಂದಕ್ಷರವೂ ತಿಳಿಯಲಿಲ್ಲ. ಕುಂಚ ಎದ್ದಿತು.

ನಾನು ಸಾಹೇಬನನ್ನು ಮಾತಿಗೆಳೆದು, ಟೆಂಪೋದವನಿಗೆ ಕನ್ನಡದಲ್ಲಿ "ರಿಲೇ ಹಚ್ಚಿಬಿಡಪಾ" ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನನಗೂ ಸಿಟ್ಟು ಬಂದಿತ್ತು. ಕೈಗೆ ಬಂದ ತುತ್ತನ್ನು ಈ ಪುಣ್ಯಾತ್ಮ ತಾನೂ ತಿನ್ನಲಿಲ್ಲ, ನನಗೂ ಬಿಡಲಿಲ್ಲ. ಅನ್ನಬೇಕಿತ್ತು ಎನ್ನುವವರು ಬಂದು ನನ್ನ ಅಂಗಡಿ ನಡೆಸಲಿ. ಟೆಂಪೋ ಕತ್ತರಿಸುವ ದಿನವೂ ಅವನು ಗೇಟಿನ ಹೊರಗೆ ನಿಂತಿದ್ದನಂತೆ, ಕಾವಲುಗಾರ ಹೇಳಿದ.

ಕೆಲವು ದಿನಗಳ ಮೇಲೆ ಅವನು ನನ್ನ ಅಂಗಡಿಗೇ ಬಂದ. ಹರಾಜಿನಲ್ಲಿ ಕಂಡವಳೆಂದು ಗುರುತು ಹಿಡಿದು, ರಿಲೇ ಕೌಂಟರಿನ ಮೇಲಿಟ್ಟು, ಇದನ್ನು ಕೊಳ್ಳುತ್ತೀರಾ ಎಂದು ಹರಕುಮುರುಕು ಮರಾಠಿಯಲ್ಲಿ ಕೇಳಿದ. ಡೇರಿಯವರು ಲೈನ್ ಬೇರೆಯವರಿಗೆ ಕೊಟ್ಟಿದ್ದರು ಎಂದೂ ಹೇಳಿದ.

"ಇಂಥಾವು ಡಬ್ಬಿ ತುಂಬ ಬಿದ್ದಾವು. ತಗೊಂಡು ಏನ್ ಮಾಡ್ಲಿ?" ಎಂದೆ.

ಅವನ ಮುಖ ಒಮ್ಮೆ ಅರಳಿತು. "ಅಕ್ಕಾರ, ನಿಮಗ ಕನ್ನಡ ಬರತದೇನ್ರಿ?"

"ನಮ್ಮದು ವಿಜಾಪುರ."

ಅವನು ಕೌಂಟರಿನ ಮೇಲಿದ್ದ ರಿಲೇಯನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಅವತ್ತ ನಾ ಫೋನಿನ್ಯಾಗ ಮಾತಾಡಿದ್ದು ತಿಳಿದಿತ್ತೇನ್ರಿ?"

"ತಿಳಿದಿತ್ತು."

ಬೈದಾನೆಂದು ಸಿದ್ಧಳಾಗಿ ಕೂತೆ. ಬೈಯಲಿಲ್ಲ. ರಿಲೇ ಕೌಂಟರಿನ ಮೇಲೆಯೇ ಬಿಟ್ಟು ಮೆಟ್ಟಿಲು ಇಳಿದು ಹೋದ. ಸಂಜೆಯೊಳಗೆ ಅದನ್ನು ಮಾರಿದೆ.