ಕೋದಂಡಪ್ಪನ ಧೂಳು

ಊರಿಗಾಂ ಚಿನ್ನದ ಗಣಿ ಕೆಲಸಗಾರರ ಲೈನ್‌ಮನೆಗಳಲ್ಲಿ ನಮಗೂ ಕೋದಂಡಪ್ಪನಿಗೂ ಒಂದೇ ಗೋಡೆ. ಅವನು ಕೆಮ್ಮಿದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಗಣಿಯೊಳಗೆ ಬಂಡೆ ಕೊರೆಯುವ ಕೆಲಸ, ನಮ್ಮೆಜಮಾನರ ಪಾಳಿಯೇ. ನನಗಿಂತ ಚಿಕ್ಕವನು, ಅಕ್ಕಾ ಎನ್ನುತ್ತಿದ್ದ.

ಎಪ್ಪತ್ತೈದನೆಯ ಇಸವಿಯೋ ಎಪ್ಪತ್ತಾರೋ, ಅವನಿಗೆ ಮಗಳು ಅಲಮೇಲು ಹುಟ್ಟಿತು. ಮಗುವಿಗೆ ಮೊದಲಿನಿಂದಲೂ ಏದುಸಿರು. ಹೊಟ್ಟೆ ತುಂಬ ಉಂಡರೆ ಇನ್ನೂ ಹೆಚ್ಚು. ನಮ್ಮ ಲೈನಿನಲ್ಲಿ ಏದುಸಿರು ಎಂದರೆ ಬಂಡೆಯ ಧೂಳು, ಎರಡನೆಯ ಮಾತಿಲ್ಲ. ಗಂಡಸರು ಅದರಲ್ಲೇ ಹೋಗುತ್ತಿದ್ದರು. ಮುಂದೆ ನಮ್ಮೆಜಮಾನರೂ ಕೋದಂಡಪ್ಪನೂ ಅದರಲ್ಲೇ ಹೋದರು. ಅಪ್ಪನ ಬಟ್ಟೆಯಿಂದ ಕೂಸಿನ ಎದೆಗೆ ಧೂಳು ಇಳಿದಿದೆ ಎಂದು ಅವನ ಹೆಂಡತಿ ಮುನಿನಾರಾಯಣಮ್ಮ ತೀರ್ಮಾನಿಸಿದಳು. ನಾವೆಲ್ಲ ಹೌದೆಂದೆವು.

ಅಂದಿನಿಂದ ಕೋದಂಡಪ್ಪ ಬೀದಿ ನಲ್ಲಿಯಲ್ಲೇ ಮೈ ತೊಳೆದು, ಬಟ್ಟೆಯನ್ನು ಹೊರಗಿನ ಗೂಟಕ್ಕೆ ಹಾಕಿ, ಜಗಲಿಯಲ್ಲೇ ಮಲಗುತ್ತಿದ್ದ. ತಟ್ಟೆ ಬಾಗಿಲಿಗೇ ಬರುತ್ತಿತ್ತು. ಮಗುವನ್ನು ಮುಟ್ಟುತ್ತಿರಲಿಲ್ಲ. ಎದುರುಮನೆಯ ಪೆರುಮಾಳ್, "ಏನ್ಲಾ ಕೋದಂಡ, ಯೆಂಡ್ತಿ ಆಚಿಕ್ ಆಕವ್ಳಾ?" ಎಂದು ಛೇಡಿಸಿದರೆ, "ಒಳಗೆ ಸೆಕೆ ಕಣ್ಲಾ" ಎನ್ನುತ್ತಿದ್ದ. ಮಾಗಿಯ ಚಳಿಯಲ್ಲೂ ಅದೇ ಮಾತು.

ಮೂರು ವರ್ಷ ತುಂಬುವ ಹೊತ್ತಿಗೆ ಒಂದು ದಿನ ಮಗುವಿನ ತುಟಿ ನೀಲಿಯಾಯಿತು, ವಾಂತಿ ನಿಲ್ಲಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಒಯ್ದರು. ಜೊತೆಗೆ ನಾನೂ ಹೋದೆ. ಡಾಕ್ಟರು ಎದೆ ಪರೀಕ್ಷಿಸಿ, ಅಲ್ಲಿ ಕರುಳು ಗುಳುಗುಳು ಎನ್ನುತ್ತಿದೆ ಎಂದರು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ಹುಟ್ಟುವಾಗಲೇ ತೂತಿತ್ತಂತೆ. ಕರುಳೂ ಗುಲ್ಮವೂ ಅದರಲ್ಲಿ ಮೇಲೇರಿ ಎಡಗಡೆಯ ಶ್ವಾಸಕೋಶವನ್ನು ಒತ್ತುತ್ತಿದ್ದವು. ಕೊಯ್ದು, ಕೆಳಗಿಳಿಸಿ, ತೂತು ಹೊಲಿಯಬೇಕು ಎಂದರು. ಉಳಿಯುತ್ತದೆ ಎಂದು ಮಾತು ಕೊಡಲಿಲ್ಲ.

ಕೋದಂಡಪ್ಪ ಕೇಳಿದ್ದು ಒಂದೇ. "ಅಂಗಾರೆ ನನ್ ಧೂಳಲ್ವಾ ಸಾರ್?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಪ್ಪ."

ಅವನು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ.

ಮಗು ಉಳಿಯಿತು. ಗಾಯ ಒಣಗಿ ಮನೆಗೆ ಬಂದ ಮೇಲೆ ಒಂದು ಸಂಜೆ ಅವನು ಪಾಳಿ ಮುಗಿಸಿ ಬಂದವನು ನಲ್ಲಿಯ ಕಡೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ಮಗಳಿಗೆ ಕೈ ಚಾಚಿದ. ಅಲಮೇಲು ಹೊಸ್ತಿಲಲ್ಲೇ ನಿಂತಿತು. "ಮೈ ತೊಳ್ಕಂಡ್ಯಾ?" ಎಂದಿತು, ಅಮ್ಮ ದಿನವೂ ಕೇಳುತ್ತಿದ್ದ ಹಾಗೆಯೇ.

ಮಗು ತಿರುಗಿ ತಾಯಿಯ ಮುಖ ನೋಡಿತು. ಮುನಿನಾರಾಯಣಮ್ಮ ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅಪ್ಪನ್ತಾವ ಓಗಮ್ಮಿ," ಎಂದಳು.