ಭತ್ತವನ್ನು ರಾಗಿ ಎಂದ ಹುಡುಗಿ

ಓಡುತ್ತಿರುವ ಬಸ್ಸಿನಿಂದ ಒಬ್ಬ ಮನುಷ್ಯ ಇನ್ನೇನು ಹಾರುತ್ತಾನೆ ಅನ್ನುವಾಗ ನೀವು ಏನು ಮಾಡುತ್ತೀರಿ?

ನಾನು ನನ್ನ ವ್ಯಾನಿಟಿ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. (ನಗಬೇಡಿ. ನಿಮ್ಮ ಸರದಿ ಬಂದಾಗ ಗೊತ್ತಾಗುತ್ತದೆ.)

ಕಳೆದ ಶನಿವಾರ ಮಧ್ಯಾಹ್ನ ಮಳವಳ್ಳಿಯಿಂದ ಮದ್ದೂರಿಗೆ ಪ್ರೈವೇಟ್ ಬಸ್ಸು. ನನ್ನದು ಬಾಗಿಲ ಹಿಂದಿನ ಸೀಟು. ಬಸ್ಸು ನಾಲೆ ಪಕ್ಕದ ಕಿರಿದಾದ ರಸ್ತೆಗೆ ತಿರುಗಿತು. ಆಗ ಪಂಚೆ ಮೇಲೆ ಅಗಲವಾದ ಬೆಲ್ಟು ಕಟ್ಟಿದ್ದ, ಐವತ್ತರ ಆಸುಪಾಸಿನ ರೈತರೊಬ್ಬರು ಧಡಕ್ಕನೆ ಎದ್ದು ಫುಟ್‌ಬೋರ್ಡಿನ ಕೆಳಗಿನ ಮೆಟ್ಟಿಲಿಗೆ ಇಳಿದುಬಿಟ್ಟರು. ಮುಖದ ತುಂಬಾ ಬೆವರು.

"ನಿಲ್ಸ್ಲಾ ಬಸ್ಸ! ಉಸ್ರು ಕಟ್ತಾದೆ! ಇಳೀಬೇಕು ನಾನು!"

"ಇಲ್ಲೆಲ್ಲಯ್ಯಾ ಸ್ಟಾಪು? ನಾಲೆ ಒಳಕ್ಕೆ ಇಳೀತೀಯಾ?" ಕಂಡಕ್ಟರ್ ಗದರಿದ.

"ಹಗಲೊತ್ತೇ ಏರ್ಸವ್ನೆ ಕಣ್ಲಾ, ಬುಡು ಅತ್ಲಾಗೆ," ಹಿಂದಿನಿಂದ ಯಾರೋ ನಕ್ಕರು.

ಕುಡಿದಿರಲಿಲ್ಲ. ಅಷ್ಟು ಹತ್ತಿರವಿದ್ದ ನನಗೆ ವಾಸನೆ ಬರುತ್ತಿರಲಿಲ್ಲವೇ? ಬಾಗಿಲ ಕಂಬಿಯನ್ನು ಒಂದೇ ಕೈಯಲ್ಲಿ ಹಿಡಿದಿದ್ದರು. ಒಂದು ಕಾಲು ಆಗಲೇ ಗಾಳಿಯಲ್ಲಿತ್ತು. ನಮ್ಮ ಬೆನ್ನಿಗೇ ಕಬ್ಬಿನ ಲಾರಿಯೊಂದು ಹಾರ್ನ್ ಬಾರಿಸುತ್ತಾ ಬರುತ್ತಿತ್ತು.

ಡಿಗ್ರಿಯಲ್ಲಿ ನಾನೂ ಸೈಕಾಲಜಿ ಓದಿದವಳೇ. ಆತಂಕದ ಲಕ್ಷಣಗಳನ್ನು ಹತ್ತು ಅಂಕಕ್ಕೆ ಬರೆದು ಒಂಬತ್ತು ತೆಗೆದವಳು. ಬಾಯಿಂದ ಒಂದು ಮಾತು ಹೊರಡಬೇಕಲ್ಲ?

ಆಗ ಎದುರು ಸೀಟಿನ ಹುಡುಗಿಯೊಬ್ಬಳು ಎದ್ದಳು. ಹೆಗಲಲ್ಲಿ ಕಾಲೇಜು ಬ್ಯಾಗು. ಕಂಡಕ್ಟರ್‌ಗೆ ಮೆಲ್ಲಗೆ, "ಅಣ್ಣ, ಬ್ರೇಕ್ ಒತ್ತೋದು ಬೇಡ. ನಿಧಾನ ಮಾಡೋಕೆ ಹೇಳಿ," ಅಂದಳು. ಹೋಗಿ ಆ ರೈತರ ಹಿಂದಿನ ಮೆಟ್ಟಿಲಲ್ಲಿ ನಿಂತಳು. ಸಮಾಧಾನ ಹೇಳುತ್ತಾಳೆ ಅಂದುಕೊಂಡೆ. ಅವಳು ಹೊರಗೆ ನೋಡಿ ಹೇಳಿದ್ದು ಇಷ್ಟು:

"ರಾಗಿ ಚೆನ್ನಾಗಿ ಬಂದದೆ ಅಲ್ವಣ್ಣ?"

ಆತ ತಿರುಗಿದರು. "ಯಾವ ರಾಗಿ?"

"ಅಗೋ, ಅಲ್ಲಿ ಹಸಿರಾಗಿ ನಿಂತಿದೆಯಲ್ಲ."

"ಅದು ಬತ್ತ ಕಣವ್ವ! ನೀರು ನಿಲ್ಸಿರೋದು ಕಾಣಾಕಿಲ್ವಾ? ಯಾವೂರು ನಿಂದು?"

"ಮಂಡ್ಯ ಟೌನು."

"ಅದ್ಕೇಯಾ!"

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ನಗಲಿಲ್ಲ. "ಅದರ ಪಕ್ಕದ್ದು? ಅದೂ ಭತ್ತಾನಾ?"

"ಕೂಳೆ ಕಬ್ಬು. ಕಟಾವಾದ ಬುಡ್ದಲ್ಲೇ ಚಿಗುರಿರೋದು." ಹೇಳುತ್ತಾ ಹೇಳುತ್ತಾ ಆತ ಒಂದು ಉದ್ದನೆಯ ಉಸಿರು ಎಳೆದುಕೊಂಡರು. ಗಾಳಿಯಲ್ಲಿದ್ದ ಕಾಲು ಮೆಟ್ಟಿಲಿಗೆ ಬಂತು.

"ಸರಿಯಾಗಿ ಕಾಣಲ್ಲಣ್ಣ. ಕಿಟಕೀಲಿ ಕೂತು ತೋರಿಸ್ತೀರಾ?"

ಆತ ಮೇಲೆ ಬಂದರು. ನನ್ನ ಸೀಟು ಬಿಟ್ಟುಕೊಟ್ಟೆ. (ಆ ದಿನ ನಾನು ಮಾಡಿದ ಏಕೈಕ ಸಾಹಸ.) ಮದ್ದೂರು ಬರುವವರೆಗೂ ಅವಳು ಕಂಡದ್ದಕ್ಕೆಲ್ಲ ತಪ್ಪು ಹೆಸರು ಹೇಳಿದಳು. ಆತ ಬೈದು ಬೈದು ತಿದ್ದಿದರು. ಅವಳು ನಂಬರು ಕೇಳಿ ಫೋನ್ ಮಾಡಿದ್ದರಿಂದ ಬಸ್‌ಸ್ಟ್ಯಾಂಡಿಗೆ ಅವರ ಅಳಿಯ ಬಂದ. "ಇದು ಏನೂಂತ ಡಾಕ್ಟರೇ ಹೇಳ್ಬೇಕು. ಎದೆಯದ್ದೂ ಇರಬಹುದು. ಈಗಲೇ ತೋರಿಸಿ," ಎಂದು ಅವಳು ಎರಡೆರಡು ಸಲ ಹೇಳಿ, ಅವರ ಆಟೋ ಆಸ್ಪತ್ರೆಯ ದಿಕ್ಕಿಗೆ ತಿರುಗುವವರೆಗೂ ನಿಂತು ನೋಡಿದಳು.

ಟೀ ಕುಡಿಯುತ್ತಾ ಪರಿಚಯ ಮಾಡಿಕೊಂಡೆ. ಹೆಸರು ಸಿಂಧು. ಬಿ.ಎ. ಕೊನೆಯ ವರ್ಷ. ಮುಂದೆ ಕೌನ್ಸೆಲರ್ ಆಗುವ ಆಸೆ. ಎರಡನೇ ವರ್ಷದಿಂದಲೂ ಶನಿವಾರ ಮಳವಳ್ಳಿಯ ಆಸ್ಪತ್ರೆಯೊಂದರ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗುತ್ತಾಳಂತೆ.

"ಕೌನ್ಸೆಲಿಂಗ್ ಮಾಡ್ತೀಯಾ?"

"ಅಯ್ಯೋ ಇಲ್ಲ ಮೇಡಂ, ಮಾಡಬಾರದು. ಹೆಸರು ಕೂಗ್ತೀನಿ, ಕ್ಯೂ ನೋಡ್ಕೋತೀನಿ. ಅಮ್ಮಂದಿರು ಒಳಗೆ ಹೋದ್ರೆ ಮಗು ಎತ್ಕೋತೀನಿ."

"ಮತ್ತೆ ಈ ರಾಗಿ ವಿದ್ಯೆ?"

ನಾಚಿಕೊಂಡಳು. ಕಿರುಗಾವಲು ಕಡೆಯ ಅಜ್ಜಿಯೊಬ್ಬರನ್ನು ಸೊಸೆ ನಾಲ್ಕು ವಾರದಿಂದ ಕರೆತರುತ್ತಿದ್ದಳಂತೆ. ಅಜ್ಜಿ ಯಾರೊಂದಿಗೂ ಒಂದು ಅಕ್ಷರ ಆಡಿರಲಿಲ್ಲ. ಕ್ಯೂನಲ್ಲಿ ಸುಮ್ಮನಿರಲಾರದೆ ಸಿಂಧು ಅವರ ಬ್ಯಾಗಿನ ಸೊಪ್ಪು ನೋಡಿ, "ದಂಟಿನ ಸೊಪ್ಪಾ ಅಜ್ಜಿ?" ಅಂದಳು. ಆಗ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಕೀರೆ ಕಣೇ ಅದು! ಇಷ್ಟುದ್ದ ಬೆಳ್ದಿದೀಯ, ಸೊಪ್ಪು ಗೊತ್ತಿಲ್ವಾ?"

ಅಜ್ಜಿಯ ಬಾಯಿಂದ ಬಂದ ಮೊದಲ ಮಾತು ಅದು. ಸೊಸೆ ಅಲ್ಲೇ ಅತ್ತುಬಿಟ್ಟಳಂತೆ. "ಕೌನ್ಸೆಲರ್ ಮೇಡಂ ನಕ್ಕರು. 'ಇನ್ಮೇಲೆ ವಾರಕ್ಕೊಂದು ತಪ್ಪು ಹೇಳಮ್ಮ' ಅಂದರು."

ಮಗಳು ಕೌನ್ಸೆಲರ್ ಆಗಬೇಕಂತೆ, ಯಾವ ಕೋರ್ಸ್ ಒಳ್ಳೆಯದು, ಸ್ಕೋಪ್ ಇದೆಯಾ ಎಂದು ಓದುಗರಾದ ನೀವು ಆಗಾಗ ಈ ಅಂಕಣಕ್ಕೆ ಬರೆಯುತ್ತೀರಿ. ಕೋರ್ಸ್ ಬೇಕು, ಬೇಡವೆನ್ನುವುದಿಲ್ಲ. ಆದರೆ ಆಸ್ಪತ್ರೆಯ ಕ್ಯೂ ಪಕ್ಕದಲ್ಲಿ ನಿಲ್ಲಲು ಯಾರು ಬಿಡುತ್ತಾರೆ, ಅದನ್ನು ಎಂದಿನಿಂದ ಶುರು ಮಾಡಬಹುದು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಹೆಸರು ಕೂಗುವ ಕೆಲಸವನ್ನು ಅನುಭವ ಅಂತ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲವಲ್ಲ?

ಆ ಗಾಳಿಯಲ್ಲಿದ್ದ ಕಾಲು ಈಗಲೂ ನನ್ನ ಕಣ್ಣ ಮುಂದಿದೆ. ನಿದ್ದೆಯಲ್ಲೂ ಆ ಮೆಟ್ಟಿಲು. ಆವತ್ತು ಟೀ ಮುಗಿಸಿ ಏಳುವಾಗಲೂ ಸಿಂಧುವನ್ನು ಅದನ್ನೇ ಕೇಳಿದ್ದೆ: "ಆತ ಕಂಬಿ ಬಿಟ್ಟಿದ್ರೆ ಏನಮ್ಮಾ ಮಾಡ್ತಿದ್ದೆ?"

ಸಿಂಧು ತನ್ನ ಬಲಗೈ ಬಿಚ್ಚಿ ತೋರಿಸಿದಳು. ನಾಲ್ಕು ಬೆರಳಿಗೂ ಅಡ್ಡವಾಗಿ ಬಿದ್ದಿದ್ದ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. "ಮೊದಲಿನಿಂದ ಅವರ ಬೆಲ್ಟು ಹಿಡ್ಕೊಂಡೇ ಇದ್ನಲ್ಲ ಮೇಡಂ. ತಡೀತಿತ್ತೋ ಇಲ್ವೋ ಗೊತ್ತಿಲ್ಲ. ನೀವು ನೋಡ್ಲಿಲ್ವಾ?"

ಎರಡೇ ಅಡಿ ದೂರದಲ್ಲಿ, ಕಣ್ಣು ಮಿಟುಕಿಸದೆ ಕೂತಿದ್ದ ನಾನು ಅಷ್ಟು ಹೊತ್ತು ನೋಡುತ್ತಿದ್ದುದಾದರೂ ಏನನ್ನು?